ಒಲೆಯ ಬಳಿ ಉಳಿದ ನಾಡು

ಹುಟ್ಟುನಾಡನ್ನು ತೊರೆದು ಹೋಗುವವರು ತಮ್ಮೊಡನೆ ಏನನ್ನು ಕೊಂಡೊಯ್ಯಬಲ್ಲರು? ಹೊಲ ಬರುವುದಿಲ್ಲ, ಹೊಳೆ ಬರುವುದಿಲ್ಲ. ನಾಲಗೆಯ ಮೇಲಿನ ಮಾತು, ಅದೇ ನಾಲಗೆ ಬಲ್ಲ ರುಚಿ, ಬೆರಳುಗಳಿಗೆ ರೂಢಿಯಾದ ಕೆಲಸ, ಇಷ್ಟು ಮಾತ್ರ ಬಂದೀತು. ಈ ಅಲ್ಪವನ್ನೇ ಒಂದು ಜನಾಂಗದ ಆಸ್ತಿಯೆಂದು ಬಗೆದು, ಅದರ ರಕ್ಷಣೆಗಾಗಿ ಬಾಳನ್ನು ಸವೆಸಿದವರು ಕೆನಡಾದ ಸವೆಲ್ಲಾ ಸ್ಟೆಚಿಶಿನ್.

ಉಕ್ರೇನಿನ ರೈತರು ಕೆನಡಾದತ್ತ ಹೊರಟದ್ದು 1891ರಲ್ಲಿ. ಹತ್ತು ಡಾಲರು ಶುಲ್ಕಕ್ಕೆ 160 ಎಕರೆ ಭೂಮಿ ಎಂಬ ಮಾತು ಬಡವರನ್ನು ಸೆಳೆಯಿತು. 1914ರ ಹೊತ್ತಿಗೆ ಸುಮಾರು 1,70,000 ಮಂದಿ ಅಲ್ಲಿದ್ದರು. ಮೊದಲ ಮಹಾಯುದ್ಧ ಬಂದಿತು. ಅವರಲ್ಲಿ ಬಹುಮಂದಿ ಆಸ್ಟ್ರಿಯದ ಪ್ರಜೆಗಳಾಗಿದ್ದುದರಿಂದ ಸಾವಿರಾರು ಜನರನ್ನು ಶತ್ರುಗಳೆಂದು ಬಗೆದು ಬಂಧನ ಶಿಬಿರಗಳಿಗೆ ಅಟ್ಟಲಾಯಿತು. 1916ರಲ್ಲಿ ಮ್ಯಾನಿಟೋಬಾ ಪ್ರಾಂತ್ಯವು ಶಾಲೆಗಳಲ್ಲಿ ದ್ವಿಭಾಷಾ ಬೋಧನೆಯನ್ನು ರದ್ದುಮಾಡಿತು. ಮನೆಮಾತನ್ನಾಡಲು ಮಕ್ಕಳು ನಾಚುವಂಥ ಕಾಲ ಅದು.

ಸವೆಲ್ಲಾ ಹುಟ್ಟಿದ್ದು 1903ರಲ್ಲಿ, ಗಲೀಷಿಯದ ಒಂದು ಹಳ್ಳಿಯಲ್ಲಿ. 1913ರಲ್ಲಿ ತಂದೆತಾಯಿಯರೊಡನೆ ಸಸ್ಕಾಚೆವನ್ ಪ್ರಾಂತ್ಯಕ್ಕೆ ಬಂದರು. ಅಲ್ಲಿನ ಸಸ್ಕಟೂನ್ ನಗರದಲ್ಲಿ 1916ರಲ್ಲಿ ಉಕ್ರೇನಿಯನ್ನರು ಪೆಟ್ರೋ ಮೊಹಿಲಾ ಸಂಸ್ಥೆಯನ್ನು ತೆರೆದಿದ್ದರು. ಹಳ್ಳಿಯ ಮಕ್ಕಳು ಅಲ್ಲಿ ಉಳಿದುಕೊಂಡು ನಗರದ ಶಾಲೆಗಳಲ್ಲಿ ಓದಬಹುದಾಗಿತ್ತು. ತಮ್ಮ ಭಾಷೆ, ಇತಿಹಾಸಗಳನ್ನೂ ಕಲಿಯಬಹುದಾಗಿತ್ತು. ಸವೆಲ್ಲಾ ಅವರ ಬಾಳು ರೂಪುಗೊಂಡದ್ದು ಇಲ್ಲಿ. ಆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜೂಲಿಯನ್ ಸ್ಟೆಚಿಶಿನ್ ಅವರನ್ನು ಕೈಹಿಡಿದು, ಗೃಹಿಣಿಯಾಗಿದ್ದುಕೊಂಡೇ ಓದನ್ನು ಮುಂದುವರಿಸಿ, 1930ರಲ್ಲಿ ಸಸ್ಕಾಚೆವನ್ ವಿಶ್ವವಿದ್ಯಾನಿಲಯದ ಪದವಿ ಪಡೆದರು. ಅಲ್ಲಿ ಪದವಿ ಪಡೆದ ಮೊದಲ ಉಕ್ರೇನಿಯನ್ ಮಹಿಳೆ ಅವರು. ಆರಿಸಿಕೊಂಡ ವಿಷಯ ಗೃಹವಿಜ್ಞಾನ.

ಅದಕ್ಕೂ ಮುನ್ನವೇ, 1926ರಲ್ಲಿ, ಕೆನಡಾದ ಉಕ್ರೇನಿಯನ್ ಮಹಿಳಾ ಸಂಘವನ್ನು ಕಟ್ಟಲು ಮುಂದಾಗಿದ್ದರು. ಹೊಲಮನೆಗಳಲ್ಲಿ ಒಂಟಿಯಾಗಿ ದುಡಿಯುತ್ತಿದ್ದ ಹೆಂಗಸರಿಗಾಗಿ ಉಕ್ರೇನಿಯನ್ ಪತ್ರಿಕೆಯಲ್ಲಿ ಬಹುಕಾಲ ಅಂಕಣ ಬರೆದರು. ಅಜ್ಜಿಯರ ಪೆಟ್ಟಿಗೆಗಳಲ್ಲಿ ಮುದುಡಿ ಬಿದ್ದಿದ್ದ ಕಸೂತಿ ಬಟ್ಟೆಗಳು ಹಳೆಯ ಚಿಂದಿಯಲ್ಲ, ಕಲೆ ಎಂಬುದು ಅವರ ವಾದ. ಇಂಥ ಶ್ರದ್ಧೆಯ ಫಲವಾಗಿ ಸಂಘವು 1936ರಲ್ಲಿ ಸಸ್ಕಟೂನಿನಲ್ಲಿ ಒಂದು ವಸ್ತುಸಂಗ್ರಹಾಲಯವನ್ನೇ ಸ್ಥಾಪಿಸಿತು.

ಅವರಿಗೆ ಹೆಚ್ಚಿನ ಹೆಸರು ತಂದದ್ದು 1957ರಲ್ಲಿ ಪ್ರಕಟವಾದ, ಉಕ್ರೇನಿನ ಸಾಂಪ್ರದಾಯಿಕ ಅಡುಗೆಯನ್ನು ಕುರಿತ ಗ್ರಂಥ. ಬೀಟ್‌ರೂಟಿನ ಸಾರು ಬೋರ್ಶ್ಟ್, ಕ್ರಿಸ್‌ಮಸ್ ಹಿಂದಿನ ರಾತ್ರಿ ಗೋಧಿ, ಜೇನು, ಗಸಗಸೆಗಳಿಂದ ಮಾಡುವ ಕೂಟ್ಯಾ, ಇಂಥವೆಲ್ಲ ಅಲ್ಲಿ ಬರಹಕ್ಕಿಳಿದವು. ಆದರೆ ಗ್ರಂಥದ ಭಾಷೆ ಇಂಗ್ಲಿಷು! ತಾಯ್ನುಡಿಗಾಗಿ ದುಡಿದವರು ಹೀಗೇಕೆ ಮಾಡಿದರು ಎನಿಸಬಹುದು. ಕೆನಡಾದಲ್ಲೇ ಹುಟ್ಟಿ ಬೆಳೆದ ಅನೇಕ ಹೆಣ್ಣುಮಕ್ಕಳಿಗೆ ಅಜ್ಜಿಯ ಅಡುಗೆ ಬೇಕಿತ್ತು; ಅಜ್ಜಿಯ ಲಿಪಿ ಬರುತ್ತಿರಲಿಲ್ಲ. ಹೊಸ ನುಡಿಯಲ್ಲಿ ಬರೆದದ್ದರಿಂದ ಹಳೆಯ ರುಚಿ ಅವರ ಕೈಸೇರಿತು. ಇದರಲ್ಲಿ ಗೆಲವೂ ಇದೆ, ನಷ್ಟವೂ ಇದೆ.

1989ರಲ್ಲಿ ಕೆನಡಾ ದೇಶವು ‘ಆರ್ಡರ್ ಆಫ್ ಕೆನಡಾ’ ಗೌರವವನ್ನಿತ್ತು ಅವರನ್ನು ಮನ್ನಿಸಿತು. ಒಂದು ಕಾಲಕ್ಕೆ ತನ್ನವರನ್ನು ಶಂಕಿಸಿದ್ದ ನಾಡು ಅದು. 2002ರಲ್ಲಿ, 98ರ ಹಿರಿವಯಸ್ಸಿನಲ್ಲಿ ಸವೆಲ್ಲಾ ತೀರಿಕೊಂಡರು. ಅವರು ಕಟ್ಟಿದ ಮಹಿಳಾ ಸಂಘ ಸ್ಥಾಪಿಸಿದ ಆ ಸಂಗ್ರಹಾಲಯದಲ್ಲಿ, ಹೆಸರೂ ಉಳಿಯದ ಎಷ್ಟೋ ರೈತ ಹೆಂಗಸರ ಕೈಗೆಲಸ ಇಂದಿಗೂ ಉಳಿದಿದೆ.