ಹಡಗಿಗೆ ಒದಗದೆ ಅಂಗಳಕ್ಕೆ ಬಂದ ಮರ

ನರ್ಸರಿಯವರು ‘ಕ್ರಿಸ್‌ಮಸ್ ಟ್ರೀ’ ಅಂತ ಕುಂಡದಲ್ಲಿಟ್ಟು ಮಾರುವ, ಅಂತಸ್ತು ಅಂತಸ್ತಾಗಿ ಕೊಂಬೆ ಬಿಡುವ ಸದಾ ಹಸಿರಿನ ಗಿಡ ನೋಡಿರುತ್ತೀರಿ. ಅದು ಅರೌಕೇರಿಯಾ. ಹುಟ್ಟೂರು ಆಸ್ಟ್ರೇಲಿಯಾದಾಚೆಯ ಪೆಸಿಫಿಕ್ ದ್ವೀಪಗಳು.

1774ರಲ್ಲಿ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್ ನ್ಯೂ ಕ್ಯಾಲಿಡೋನಿಯಾದಲ್ಲೂ ನಾರ್ಫೋಕ್ ದ್ವೀಪದಲ್ಲೂ ಇಂಥ ಮರಗಳನ್ನು ಕಂಡ. ಅವನ ಕಣ್ಣು ಬಿದ್ದದ್ದು ಅಂದದ ಮೇಲಲ್ಲ, ನೆಟ್ಟನೆ ಕಾಂಡದ ಮೇಲೆ. ಹಾಯಿಹಡಗಿನ ಕಾಲ ಅದು. ಹಾಯಿ ಕಟ್ಟುವ ಉದ್ದನೆ ಕಂಬಕ್ಕೆ ಬ್ರಿಟಿಷ್ ನೌಕಾಪಡೆ ಪರದೇಶದ ಮರವನ್ನೇ ನಂಬಿತ್ತು. 1788ರಲ್ಲಿ 15 ಕೈದಿಗಳೂ ಸೇರಿದ ಪುಟ್ಟ ತಂಡವೊಂದು ನಾರ್ಫೋಕ್‌ನಲ್ಲಿ ಇಳಿಯಿತು. ಕಡಿದು ನೋಡಿದರೆ ಮರ ಪೆಡಸು, ಕಂಬಕ್ಕೆ ಬಾರದು! ದ್ವೀಪ ಮುಂದೆ ಕೈದಿಗಳ ಪಾಲಿಗೆ ನರಕವಾಯಿತು. ಮರ ಮಾತ್ರ ತೋಟದ ಶೋಕಿಯಾಗಿ ಲೋಕ ಸುತ್ತಿತು, ಲಾಲ್‌ಬಾಗಿಗೂ ಬಂತು.

ನಮ್ಮಲ್ಲಿ ನಾರ್ಫೋಕ್ ಜಾತಿ ಎಂದು ಮಾರುವುದು ಎಷ್ಟೋ ಸಲ ಕುಕ್ ಹೆಸರಿನ ಜಾತಿಯೇ. ಇದಕ್ಕೊಂದು ವಿಚಿತ್ರ ಚಾಳಿ: ಭೂಮಧ್ಯರೇಖೆಯ ಕಡೆಗೆ ವಾಲುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಾಸರಿ ಓರೆ ಸುಮಾರು 8 ಡಿಗ್ರಿ. ನಮ್ಮ ಕಡೆಯಾದರೆ ದಕ್ಷಿಣಕ್ಕೆ. ದೊಡ್ಡ ಮರ ಕಂಡಾಗ ಗಮನಿಸಿ. ಅಂದಹಾಗೆ, ಕುಂಡದಲ್ಲಿ ಮಗುವಿನಂತಿರುವ ಇದು ನೆಲಕ್ಕಿಳಿದರೆ ನೂರಡಿ ದಾಟಬಲ್ಲದು. ಗೋಡೆ ಪಕ್ಕ, ಕರೆಂಟ್ ತಂತಿ ಕೆಳಗೆ ನೆಡಬೇಡಿ.