ಬಿಡುಗಡೆಯಾದ ಮೇಲೂ ಉಳಿಯುವುದು

ಸುವರ್ಣಮುಖಿಗೆ ಅಡ್ಡಲಾಗಿ ಬೋರನಕಣಿವೆಯ ಕಟ್ಟೆ ಎದ್ದದ್ದು 19ನೆಯ ಶತಮಾನದ ಕೊನೆಯಲ್ಲಿ. ಆ ಕಾಲದ ಹಳ್ಳಿಗಳ ಬಗ್ಗೆ ಮಾತು ಬಂದಾಗ, ಒಮ್ಮೆ ಕಟ್ಟಿದ ತಾಳಿ ಸಾಯುವ ತನಕ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಅದು ಎಲ್ಲರ ಮಟ್ಟಿಗೂ ನಿಜವಲ್ಲ.

ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ಮೈಸೂರು ಸಂಸ್ಥಾನದ ಜಾತಿಗಳನ್ನು ಕುರಿತು ಬರೆದ ಸಂಪುಟಗಳು 1928ರಿಂದ 1935ರವರೆಗೆ ಪ್ರಕಟವಾದವು. ಅವುಗಳಲ್ಲಿ 'ಕೂಡಿಕೆ', 'ಉಡಿಕೆ' ಎಂಬ ಪದ್ಧತಿಗಳ ವಿವರ ಮತ್ತೆ ಮತ್ತೆ ಬರುತ್ತದೆ. ಹಲವು ಸಮುದಾಯಗಳಲ್ಲಿ ಗಂಡ ಸತ್ತವಳೂ ಗಂಡನನ್ನು ಬಿಟ್ಟವಳೂ ಇನ್ನೊಬ್ಬನ ಜೊತೆ ಸಂಸಾರ ಹೂಡಬಹುದಿತ್ತು. ಕುಲದ ಹಿರಿಯರು ಕೂತು ತೀರ್ಮಾನ ಹೇಳುತ್ತಿದ್ದರು. ಮೊದಲ ಗಂಡ ಕೊಟ್ಟಿದ್ದ ತೆರ ಅವನಿಗೆ ಹಿಂದಿರುಗಬೇಕು. ಹೊಸಬ ಅವಳಿಗೊಂದು ಸೀರೆ ತರಬೇಕು. ವಾಲಗವಿಲ್ಲ, ಚಪ್ಪರವಿಲ್ಲ, ಕತ್ತಲಾದ ಮೇಲೆ ಕಾರ್ಯ. ಮುತ್ತೈದೆಯರು ಅತ್ತ ಸುಳಿಯುವಂತಿರಲಿಲ್ಲ. ಇಂಥ ದಂಪತಿಗಳ ಸಂತತಿಯನ್ನು 'ಕೂಡಿಕೆ ಸಾಲು' ಎಂದು ಬೇರೆಯಾಗಿ ಎಣಿಸುವುದೂ ಇತ್ತು.

ಇದರಲ್ಲಿ ಅವಮಾನ ಇತ್ತು, ಅದೂ ಹೆಣ್ಣಿನ ಪಾಲಿಗೇ ಹೆಚ್ಚು. ಆದರೂ ಒಂದು ಮಾತು ಹೇಳಬೇಕು. ಮುಗಿಯಿತು ಎನ್ನುವುದಕ್ಕೆ ಅಲ್ಲಿ ಒಂದು ದಿನ ಇತ್ತು, ನಾಲ್ಕು ಜನ ಸಾಕ್ಷಿಗಳಿದ್ದರು.

ಲೆಕ್ಕ ತೀರಿತು, ಸರಿ, ಮನಸ್ಸು? ಈ ಪ್ರಶ್ನೆಗೆ ನಮ್ಮ ಕಾವ್ಯಶಾಸ್ತ್ರದಲ್ಲೂ ನೇರ ಉತ್ತರವಿಲ್ಲ. ಭಾರತೀಯ ಕಾವ್ಯಮೀಮಾಂಸೆಯನ್ನು ಕನ್ನಡಿಗರ ಕೈಗಿತ್ತ ತೀ.ನಂ.ಶ್ರೀ. ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಅಲಂಕಾರಿಕರು ವಿರಹವನ್ನು ಪೂರ್ವರಾಗ, ಮಾನ, ಪ್ರವಾಸ, ಕರುಣ ಎಂದು ವಿಂಗಡಿಸಿದರು. ಮತ್ತೆ ಸೇರುವ ಆಸೆ ಇದ್ದರೆ ಅದು ವಿಪ್ರಲಂಭ ಶೃಂಗಾರ. ಸತ್ತವರು ಬರುವುದೇ ಇಲ್ಲ ಎಂದಾದರೆ ಶೋಕ. ಆದರೆ ಅವನು ಬದುಕಿದ್ದಾನೆ, ಸಂತೆಯಲ್ಲಿ ಎದುರಾಗುತ್ತಾನೆ, ಇನ್ನೆಂದೂ ತನ್ನವನಲ್ಲ ಎನ್ನುವ ಸ್ಥಿತಿಗೆ ಆ ಪಟ್ಟಿಯಲ್ಲಿ ಜಾಗ ಸಿಗುವುದಿಲ್ಲ.

ಜಾಗ ಸಿಕ್ಕಿದ್ದು ಬಹುಶಃ ಬೀಸುವ ಕಲ್ಲಿನ ಮುಂದೆ. ಬೀಸುವ ಪದಗಳಲ್ಲಿ ತವರು, ಅಣ್ಣ, ಸವತಿ, ಗಂಡನ ಮನೆ ಎಲ್ಲ ಬರುತ್ತವೆ, ಹಾಡುವವಳ ಹೆಸರು ಮಾತ್ರ ಬರುವುದಿಲ್ಲ. ನಸುಕಿನಲ್ಲಿ ರಾಗಿ ಬೀಸುತ್ತ ಯಾರು ಯಾರನ್ನು ನೆನೆದರೋ, ಪಕ್ಕದಲ್ಲಿ ಕುಳಿತವಳೂ ಕೇಳಬೇಕಾಗಿರಲಿಲ್ಲ. ಕೈಗೆ ಕೆಲಸವಿತ್ತು, ದನಿಗೆ ನೆಪವಿತ್ತು. ಹಿಟ್ಟಿನ ಗಿರಣಿ ಬಂದಾಗ ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು. ಆ ನೆಪವೂ ಹೋಯಿತು.

ಈಚಿನ ಕಥೆ ಕಾನೂನಿನದು. 1955ರ ಹಿಂದೂ ವಿವಾಹ ಕಾಯ್ದೆ ಎಲ್ಲರಿಗೂ ವಿಚ್ಛೇದನದ ಬಾಗಿಲು ತೆರೆಯಿತು. ರೂಢಿಯ ಬಿಡುಗಡೆಯನ್ನೂ 29ನೆಯ ಕಲಮಿನಲ್ಲಿ ಉಳಿಸಿಕೊಂಡಿತು. 1976ರ ತಿದ್ದುಪಡಿಯಿಂದ ಪರಸ್ಪರ ಒಪ್ಪಿಗೆಯ ವಿಚ್ಛೇದನ ಬಂತು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕೆಂಬ ನಿಯಮವನ್ನು, ತಕ್ಕ ಕಾರಣವಿದ್ದರೆ ನ್ಯಾಯಾಲಯ ಸಡಿಲಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಆರು ತಿಂಗಳು ಇರುವುದು ಮನಸ್ಸು ಬದಲಾದೀತೇ ಎಂದು ನೋಡುವುದಕ್ಕೆ, ಮರೆಯುವುದಕ್ಕಲ್ಲ. ತಿಪಟೂರಿನ ಸೀಮೆಯಲ್ಲಿ ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗುವುದಕ್ಕೂ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಕಾಲ ಬೇಕು.

ಮದುವೆಯ ತನಕ ಹೋಗದೆ ಮುರಿದ ಒಲವಿಗಂತೂ ಹಿಂದಿರುಗಿಸಲು ತೆರವಿಲ್ಲ, ಕೂಡಿಸಲು ಪಂಚಾಯಿತಿಯಿಲ್ಲ. ಮುಗಿಯಿತು ಎಂದು ಅವರಿಗೆ ಹೇಳುವವರು ಯಾರೂ ಇರುವುದಿಲ್ಲ.