ನಾನು ಕಟ್ಟಿದ ಸೈಟುಗಳು, ನಾವು ಕಳಕೊಂಡ ದಾಖಲೆಗಳು



ಹೋದ ವಾರ ಧಾರವಾಡದಾಗ ಎಂ.ಎ. ಓದೋ ನಮ್ಮ ಕೇರಿ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. "ಅಣ್ಣಾ, ಸವಣೂರು ಹೋರಾಟದ ಮ್ಯಾಲೆ ನೀವೊಂದು ವೆಬ್‌ಸೈಟ್ ಮಾಡಿದ್ರಂತಲ್ಲ, ಲಿಂಕ್ ಕಳಸ್ರಿ" ಅಂದಳು. ಕಳಿಸೋಕೆ ಲಿಂಕ್ ಇಲ್ಲ. ಸೈಟೇ ಇಲ್ಲ. ನಮ್ಮದೇ ಚರಿತ್ರೆ ಕೇಳಿದ ಹುಡುಗಿಗೆ "ಕಳದುಹೋತವ್ವಾ" ಅನ್ನಬೇಕಾಯ್ತು. ಆ ನಾಚಿಕೆಯಿಂದ ಇದನ್ನ ಬರೀತಿದ್ದೀನಿ. ಉದ್ದ ಐತಿ, ಪೂರ್ತಿ ಓದ್ರಿ.

ನಾನು ಬಂಕಾಪುರದವನು. ನಮ್ಮೂರಿಗೆ ಹೆಸರು ಬಂದಿದ್ದು ರಾಷ್ಟ್ರಕೂಟರ ಅಮೋಘವರ್ಷನ ಸಾಮಂತ ಬಂಕೆಯನಿಂದ. ಕೋಟೆಯೊಳಗಿನ ನಗರೇಶ್ವರ ಗುಡಿಗೆ ಅರವತ್ತು ಕಂಬದ ಗುಡಿ ಅಂತೀವಿ. ಕಟ್ಟಿಸಿದವರ ಚರಿತ್ರೆ ಪುಸ್ತಕದಾಗ ಸಿಗುತ್ತೆ, ಕಲ್ಲು ಹೊತ್ತವರದು ಸಿಗಲ್ಲ. ಕಂಪ್ಯೂಟರ್ ಕಲಿತಾಗ ನನಗೆ ಅನ್ನಿಸಿದ್ದು ಇಷ್ಟೇ: ಇಲ್ಲಿ ಕಲ್ಲೂ ಬೇಡ, ರಾಜನ ಅಪ್ಪಣೆಯೂ ಬೇಡ. ನಮ್ಮ ಹೆಸರು ನಾವೇ ಬರಕೋಬಹುದು.

ಮೊದಲನೇ ಸೈಟು ಮಾಡಿದ್ದು 2003ರಲ್ಲಿ, ಹುಬ್ಬಳ್ಳಿಯ ಸೈಬರ್ ಕೆಫೆಯಲ್ಲಿ ಕೂತು. ಅಷ್ಟೊತ್ತಿಗೆ ಕನ್ನಡ ಅಂತರಜಾಲಕ್ಕೆ ಬಂದಾಗಿತ್ತು. ಯು.ಬಿ. ಪವನಜ ಅವರ 'ವಿಶ್ವಕನ್ನಡ' ಶುರುವಾಗಿದ್ದು 1996ರಲ್ಲಿ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಲ್ಲದಿದ್ರೆ ನನ್ನಂಥವನ ಬೆರಳು ಕನ್ನಡದಲ್ಲಿ ಅಷ್ಟು ಸಲೀಸಾಗಿ ಓಡ್ತಿರಲಿಲ್ಲ. ಈ ಎಲ್ಲರ ಋಣ ನಮ್ಮ ಮೇಲಿದೆ. ಸಂಘಟನೆಯ ಕರಪತ್ರ, ಏಪ್ರಿಲ್ 14ರ ಭಾಷಣಗಳನ್ನ ಟೈಪ್ ಮಾಡಿ ಒಂದು ಪುಕ್ಕಟೆ ಸರ್ವರಿನಲ್ಲಿ ಹಾಕಿದೆ.

ಆದ್ರೆ ಆ ಕಾಲದ ಫಾಂಟುಗಳದ್ದೊಂದು ತೊಡಕಿತ್ತು. ಪರದೆ ಮೇಲೆ 'ಕ' ಕಂಡರೂ ಫೈಲಿನ ಒಳಗೆ ಕೂತಿರೋದು ಇಂಗ್ಲಿಷಿನ 'ಪಿ'. 'ನ' ಅಂದ್ರೆ ಪೌಂಡ್ ಗುರುತು. ಓದುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ರೆ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು. 'ಅಂಬೇಡ್ಕರ್' ಅಂತ ಕನ್ನಡದಲ್ಲಿ ಹುಡುಕಿದ್ರೆ ನನ್ನ ಪುಟ ಸಿಗ್ತಾನೇ ಇರಲಿಲ್ಲ. ಕನ್ನಡಕ್ಕೆ ಅದರದೇ ಸಂಕೇತ ಕೊಟ್ಟ ಯೂನಿಕೋಡ್ 1991ರಲ್ಲೇ ಬಂದಿತ್ತು, ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡವೂ ಇತ್ತು. ನಾನು ಹೋಗ್ತಿದ್ದ ಅಂಗಡಿಗಳಲ್ಲಿ ಇನ್ನೂ ವಿಂಡೋಸ್ 98 ಓಡ್ತಿತ್ತು.

ಅದಕ್ಕೇ 2007ರಲ್ಲಿ ಹಳೆ ಫೈಲುಗಳನ್ನ ಯೂನಿಕೋಡಿಗೆ ಬದಲಿಸೋ ಸಣ್ಣ ಪ್ರೋಗ್ರಾಂ ಬರೆದೆ. ಎಲ್ಲಕ್ಕಿಂತ ಕಾಡಿದ್ದು ಅರ್ಕಾವತ್ತು. ಹಳೆ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತೆ, ಯೂನಿಕೋಡಿನಲ್ಲಿ ರಕಾರ ಮೊದಲೇ ಬರಬೇಕು. 'ಧರ್ಮ', 'ವರ್ಣ' ಎರಡೂ ತಪ್ಪಾಗ್ತಿದ್ದವು. "ಅವು ಯಾವಾಗ ಸರಿ ಇದ್ದವು ಬಿಡ್ರಿ" ಅಂತ ನಮ್ಮ ಹುಡುಗರು ನಕ್ಕಿದ್ದರು.

ಮೂರನೇದು ಸವಣೂರಿನದು. 2010ರ ಜುಲೈನಲ್ಲಿ ಅಲ್ಲಿನ ಭಂಗಿ ಸಮುದಾಯದವರು ಪುರಸಭೆ ಎದುರು ಮೈಮೇಲೆ ಮಲ ಸುರಕೊಂಡು ಪ್ರತಿಭಟಿಸಿದರು. ತಲೆಮಾರುಗಳಿಂದ ಇದ್ದ ಜಾಗದಿಂದ ಎಬ್ಬಿಸೋಕೆ ಹೊರಟಿದ್ದರು. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ಮಲ ಹೊರೋದನ್ನ ಈ ರಾಜ್ಯದಲ್ಲಿ ನಿಷೇಧಿಸಲಾಗಿತ್ತು. 1993ರಲ್ಲಿ ಕೇಂದ್ರದ ಕಾಯ್ದೆಯೂ ಬಂದಿತ್ತು. ಕಾಗದದ ಮೇಲೆ ಇಲ್ಲದ ಪದ್ಧತಿ ನಮ್ಮ ಪಕ್ಕದ ಊರಲ್ಲೇ ಜೀವಂತ ಇತ್ತು. ಟಿವಿಯವರು ಒಂದೇ ದೃಶ್ಯ ತೋರಿಸಿ ಮುಂದೆ ಹೋದರು. ನಾನು ಆ ದೃಶ್ಯ ಹಾಕಲಿಲ್ಲ. ಮನವಿ ಪತ್ರ, ಪತ್ರಿಕೆಯ ತುಣುಕು, ಸಭೆಗಳ ಟಿಪ್ಪಣಿ, ದಿನಾಂಕವಾರು ಜೋಡಿಸಿದೆ. 2013ರ ಹೊಸ ಕಾಯ್ದೆ ಬರೋವರೆಗಿನ ವಿವರ ಅದರಲ್ಲಿತ್ತು.

2014ರಲ್ಲಿ ಡೊಮೈನ್ ನವೀಕರಿಸೋದು ಮರೆತೆ. ನೆನಪಿನ ಮೇಲ್ ನಾನು ಬಿಟ್ಟ ಹಳೆ ವಿಳಾಸಕ್ಕೆ ಹೋಗಿತ್ತು. ಯಾರೂ ದಾಳಿ ಮಾಡಲಿಲ್ಲ, ಯಾವ ಸರ್ಕಾರವೂ ನಿಷೇಧಿಸಲಿಲ್ಲ. ತಪ್ಪು ನಂದೇ. ಒಬ್ಬನ ಕೈಲಿ, ಒಂದೇ ಪ್ರತಿ ಇಟ್ಟಿದ್ದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿದ್ರೆ ಮೊದಲ ಪುಟ ಮಾತ್ರ ಸಿಕ್ತು, ಒಳಗಿನದು ಏನೂ ಇಲ್ಲ.

1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಕರೆದ ಸಭೆಯನ್ನ ರದ್ದು ಮಾಡಿದಾಗ ಬಾಬಾಸಾಹೇಬರು ಏನು ಮಾಡಿದರು? ಆ ಭಾಷಣವನ್ನ ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. 'ಜಾತಿ ವಿನಾಶ' ನಮ್ಮ ಕೈಗೆ ಬಂದಿದ್ದು ಹಂಗೆ. ವೇದಿಕೆ ಬೇರೆಯವರದಿತ್ತು, ಪ್ರತಿಗಳು ಅವರದಾಗಿದ್ದವು. ನಾವು ಈಗ ಬರೀತಿರೋ ಈ ಜಾಗವೂ ಬೇರೆಯವರದೇ. ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಆರ್ಕುಟ್ 2014ರಲ್ಲಿ. ಲೈಕು ಎಷ್ಟು ಬಂದ್ರೂ ದಾಖಲೆ ನಮ್ಮ ಮನೆಯಲ್ಲಿ ಇಲ್ಲದಿದ್ರೆ ನಮ್ಮದಲ್ಲ.

ಆ ಫೋನ್ ಬಂದ ಮೇಲೆ ಅಟ್ಟದ ಮೇಲಿದ್ದ ಹಳೆ ಹಾರ್ಡ್‌ಡಿಸ್ಕ್ ಇಳಿಸಿದೆ. ಪುಣ್ಯಕ್ಕೆ ಓಡ್ತು. ಸವಣೂರಿನ ಟಿಪ್ಪಣಿಗಳು ಅರ್ಧದಷ್ಟು 'ನುಡಿ'ಯಲ್ಲಿ ಉಳಿದಿವೆ. 2007ರ ಪ್ರೋಗ್ರಾಂನಲ್ಲೇ ಬದಲಿಸಿ ಆ ಹುಡುಗಿಗೆ ಕಳಿಸಿದೆ. "ಅಣ್ಣಾ, ಅರ್ಕಾವತ್ತು ಇನ್ನೂ ತಪ್ಪೈತಿ, ನಾ ತಿದ್ದತೀನಿ" ಅಂತ ಮೆಸೇಜ್ ಬಂತು.

ಗೆಳೆಯರೇ, ಒಂದೇ ಕೋರಿಕೆ. ನಿಮ್ಮೂರ ಡಿಟಿಪಿ ಅಂಗಡಿಯಲ್ಲಿ, ಹಳೆ ಸಿಡಿಯಲ್ಲಿ, ಸಂಘಟನೆ ಹಿರಿಯರ ಟ್ರಂಕಿನಲ್ಲಿ ಇರೋ ಕರಪತ್ರ, ಫೈಲು, ಫೋಟೋ ಹುಡುಕ್ರಿ. ಫೋಟೋದಲ್ಲಿ ಇರೋರನ್ನ ಕೇಳಿ, ಅವರು ಒಪ್ಪಿದ್ರೆ ಹೆಸರು ಬರದಿಡ್ರಿ. ಯೂನಿಕೋಡಿಗೆ ಬದಲಿಸಿ ಮೂರು ಮನೆಯಲ್ಲಿ ಮೂರು ಪ್ರತಿ ಇಡ್ರಿ. ಬದಲಿಸೋಕೆ ಬರದಿದ್ರೆ ನನಗೆ ಕಳಸ್ರಿ, ಮಾಡಿ ಕೊಡ್ತೀನಿ, ರೊಕ್ಕ ಬೇಡ.

ಜೈ ಭೀಮ್.